ಅಡುಗೆಮನೆಗೆ ಬಣ್ಣ ಹೊಡೆಸುವ ಮುನ್ನ: ಕೈಮೀರದ ಬಜೆಟ್‌ಗೆ ಹಂತಹಂತದ ಲೆಕ್ಕ

ಅಡುಗೆಮನೆಯ ಬಣ್ಣದ ಬಜೆಟ್ ತಪ್ಪುವುದು ಬಹುತೇಕ ಒಂದೇ ಜಾಗದಲ್ಲಿ. ಮೊದಲು ಬಣ್ಣದ ಡಬ್ಬದ ಬೆಲೆ ಕೇಳುತ್ತಾರೆ. ಎಷ್ಟು ಡಬ್ಬ ಬೇಕು ಎಂದು ಅಂದಾಜು ಮಾಡುತ್ತಾರೆ. ಅದರ ಮೇಲೆ ಕೂಲಿ ಸೇರಿಸಿ ಗೆರೆ ಎಳೆಯುತ್ತಾರೆ. ಕೆಲಸ ಶುರುವಾದ ಎರಡನೇ ದಿನ ಹಳೆ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತದೆ. ಅಲ್ಲಿಂದ ಮುಂದೆ ಲೆಕ್ಕಕ್ಕೆ ತಲೆಬುಡ ಇರುವುದಿಲ್ಲ.

ಲೆಕ್ಕ ಗೋಡೆಯಿಂದ ಶುರುವಾಗಬೇಕು. ಗೋಡೆ ಯಾವ ಸ್ಥಿತಿಯಲ್ಲಿದೆ ಎಂದು ಗೊತ್ತಾದ ಮೇಲೆ ರಿಪೇರಿ, ಆಮೇಲೆ ಅಳತೆ, ಕೊನೆಗೆ ಬಣ್ಣ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ನೋಟ್‌ಬುಕ್, ಅಳತೆ ಟೇಪ್, ಟಾರ್ಚ್, ಬ್ಲೇಡ್, ಅಂಟು ಟೇಪ್, ಒಂದು ತುಂಡು ಪ್ಲಾಸ್ಟಿಕ್ ಹಾಳೆ, ಸ್ವಲ್ಪ ಹತ್ತಿ, ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಜೊತೆಗಿಟ್ಟುಕೊಳ್ಳಿ. ಈ ಹಂತಕ್ಕೆ ಇಷ್ಟು ಸಾಕು.

ಹಂತ 1: ಡಬ್ಬ ಆಮೇಲೆ, ಮೊದಲು ಗೋಡೆ

ಟಾರ್ಚಿನ ಬೆಳಕನ್ನು ಗೋಡೆಗೆ ಓರೆಯಾಗಿ ಬಿಡಿ. ನೇರವಾಗಿ ನೋಡಿದಾಗ ಕಾಣದ ಉಬ್ಬು, ತಗ್ಗು, ಕೂದಲೆಳೆಯಂಥ ಬಿರುಕು ಎಲ್ಲವೂ ಆಗ ಕಾಣಿಸುತ್ತವೆ. ಕಂಡದ್ದನ್ನು ಗೋಡೆಗೊಂದರಂತೆ ಬರೆದುಕೊಳ್ಳಿ. ಆಮೇಲೆ ಐದು ಪರೀಕ್ಷೆ ಮಾಡಿ. ಒಂದೊಂದೂ ಬಜೆಟ್‌ನ ಒಂದೊಂದು ಸಾಲನ್ನು ತೀರ್ಮಾನಿಸುತ್ತದೆ.

ಜಿಡ್ಡು: ಒಲೆಯ ಹಿಂದಿನ ಗೋಡೆ, ಕಪಾಟಿನ ಮೇಲ್ಭಾಗ, ಎಕ್ಸಾಸ್ಟ್ ಫ್ಯಾನಿನ ಸುತ್ತ ಬೆರಳಾಡಿಸಿ. ಅಂಟಂಟು ಅನಿಸಿದರೆ ಜಿಡ್ಡು ಕೂತಿದೆ ಎಂದರ್ಥ. ಬೇರೆ ಕೋಣೆಗೂ ಅಡುಗೆಮನೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಜಿಡ್ಡಿನ ಮೇಲೆ ಎಂಥ ದುಬಾರಿ ಬಣ್ಣ ಹೊಡೆದರೂ ಅದು ಗೋಡೆಯನ್ನು ಹಿಡಿಯುವುದಿಲ್ಲ, ಜಿಡ್ಡನ್ನು ಹಿಡಿಯುತ್ತದೆ. ಜಿಡ್ಡು ತೆಗೆಯುವ ದ್ರಾವಣ, ಸ್ಪಂಜು, ತೊಳೆಯುವ ಕೂಲಿ ಎಂದು ಒಂದು ಸಾಲು ಬರೆಯಿರಿ.

ಹಿಡಿತ: ಹಳೆ ಬಣ್ಣದ ಮೇಲೆ ಬ್ಲೇಡಿನಿಂದ ಗುಣಾಕಾರ ಚಿಹ್ನೆಯಂತೆ ಎರಡು ಗೀಟು ಎಳೆಯಿರಿ. ಅದರ ಮೇಲೆ ಟೇಪ್ ಒತ್ತಿ ಅಂಟಿಸಿ, ಸರ್ರನೆ ಕೀಳಿ. ಟೇಪಿನ ಜೊತೆ ಬಣ್ಣ ಬಂದರೆ ಆ ಭಾಗವನ್ನು ಕೆರೆದು ತೆಗೆಯಲೇಬೇಕು. ಕೆರೆಯುವ ಕೆಲಸಕ್ಕೆ ಹೊತ್ತು ಜಾಸ್ತಿ ಬೇಕು, ಆದ್ದರಿಂದ ಕೂಲಿಯೂ ಜಾಸ್ತಿ.

ಪುಡಿ: ಅಂಗೈಯಿಂದ ಗೋಡೆ ಸವರಿ. ಕೈಗೆ ಬಿಳಿ ಪುಡಿ ಅಂಟಿದರೆ ಸುಣ್ಣವೋ ಡಿಸ್ಟೆಂಪರೋ ಇರಬೇಕು. ಅದನ್ನು ಉಜ್ಜಿ ತೆಗೆದು ಪ್ರೈಮರ್ (ಬಣ್ಣ ಗೋಡೆಗೆ ಹಿಡಿಯಲೆಂದು ಮೊದಲು ಹೊಡೆಯುವ ತಳದ ಪದರ) ಹೊಡೆಯದೆ ಎಮಲ್ಷನ್ (ನೀರಿನಲ್ಲಿ ಕಲಸುವ ಬಣ್ಣ) ಹಚ್ಚಿದರೆ ಹೊಸ ಬಣ್ಣವೂ ಪುಡಿಯ ಜೊತೆ ಉದುರುತ್ತದೆ.

ಎಣ್ಣೆ ಬಣ್ಣವೋ ನೀರಿನ ಬಣ್ಣವೋ: ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಗೋಡೆಯ ಒಂದು ಮೂಲೆಯಲ್ಲಿ ಉಜ್ಜಿ. ಒಲೆ ಆರಿರಲಿ, ಕಿಟಕಿ ತೆರೆದಿರಲಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಅದು ನೀರಿನಲ್ಲಿ ಕಲಸುವ ಎಮಲ್ಷನ್. ಏನೂ ಬರದಿದ್ದರೆ ಎಣ್ಣೆ ಬಣ್ಣ, ಅಂದರೆ ಎನಾಮೆಲ್, ಇರುವ ಸಾಧ್ಯತೆ ಹೆಚ್ಚು. ಎನಾಮೆಲ್ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಉಗುರಿನಲ್ಲಿ ಎಬ್ಬಿಸಿದರೂ ಸಿಪ್ಪೆಯಂತೆ ಬರುತ್ತದೆ. ಮೊದಲು ಹೊಳಪು ಹೋಗುವಂತೆ ಉಜ್ಜಬೇಕು, ಆಮೇಲೆ ಗಟ್ಟಿ ಹಿಡಿತದ ಪ್ರೈಮರ್ ಬೇಕು. ಇವು ಎರಡು ಪ್ರತ್ಯೇಕ ಖರ್ಚು.

ತೇವ: ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ಗೋಡೆಯೊಳಗೆ ನೀರಿದೆ. ಹೊರಗಡೆ ಹನಿ ಕಂಡರೆ ಅದು ಕೋಣೆಯ ಹಬೆ, ಗಾಳಿಯಾಡುವ ವ್ಯವಸ್ಥೆ ಸಾಲದು. ಗೋಡೆಯ ಮೇಲೆ ಬಿಳಿ ಉಪ್ಪಿನಂಥ ಪದರ, ಬಣ್ಣದಲ್ಲಿ ಗುಳ್ಳೆ, ಸಿಂಕಿನ ಕೆಳಗೆ ಕಪ್ಪು ಬೂಷ್ಟು ಇದ್ದರೆ ಪರೀಕ್ಷೆಯೇ ಬೇಡ, ತೇವ ಇದೆ.

ಇಲ್ಲಿ ನನ್ನದೇ ತಪ್ಪು ಹೇಳಿಬಿಡುತ್ತೇನೆ. ಸಿಂಕಿನ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಗುಳ್ಳೆ ಎದ್ದಿತ್ತು. ಹಳೆ ಬಣ್ಣ, ಅದಕ್ಕೇ ಹೀಗೆ ಅಂದುಕೊಂಡೆ. ಕೆರೆದು, ಪುಟ್ಟಿ ತುಂಬಿ, ಚೆಂದಾಗಿ ಎರಡು ಕೋಟ್ ಹೊಡೆಸಿದೆ. ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಗುಳ್ಳೆ, ಈ ಸಲ ಎರಡಂಗೈಯಗಲ. ಒಳಗಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಗೋಡೆ ಒಡೆಸಿ, ಪೈಪ್ ಸರಿ ಮಾಡಿಸಿ, ಇಡೀ ಗೋಡೆಗೆ ಮತ್ತೆ ಬಣ್ಣ. ಒಂದೇ ಗೋಡೆಗೆ ಎರಡು ಸಲ ದುಡ್ಡು.

ಗೋಡೆಯ ಮೇಲೆ ಹಳೆ ಬಣ್ಣದ ಪದರಗಳಿದ್ದರೆ ಇನ್ನೊಂದು ಎಚ್ಚರ. ಹಳೆ ಬಣ್ಣಗಳಲ್ಲಿ ಸೀಸ ಇರಬಹುದು. ಸೀಸಕ್ಕೆ ಕಡಿವಾಣ ಬಿದ್ದದ್ದು ಒಂದೊಂದು ದೇಶದಲ್ಲಿ ಒಂದೊಂದು ಕಾಲಕ್ಕೆ: ಅಮೆರಿಕದಲ್ಲಿ 1978ರಲ್ಲಿ, ಭಾರತದಲ್ಲಿ 2017ರಲ್ಲಿ. ಅದಕ್ಕೂ ಹಿಂದಿನ ಪದರಗಳಿದ್ದರೆ ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ. ಸಣ್ಣ ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಿ ಇದನ್ನು ತಪ್ಪಿಸಲೇಬಾರದು.

ಹಂತ 2: ಬಣ್ಣಕ್ಕಿಂತ ಮೊದಲು ಮುಗಿಯಬೇಕಾದ ಕೆಲಸ

ಪ್ಲಂಬಿಂಗ್, ವೈರಿಂಗ್, ಟೈಲ್ಸ್, ಚಿಮಣಿ ಕೂರಿಸುವುದು, ಕಪಾಟು ಬದಲಿಸುವುದು. ಇವುಗಳಲ್ಲಿ ಯಾವುದಾದರೂ ಮುಂದಿನ ಒಂದು ವರ್ಷದಲ್ಲಿ ಆಗುವುದಿದ್ದರೆ ಈಗಲೇ ಮಾಡಿಸಿ, ಇಲ್ಲವೇ ಬಣ್ಣವನ್ನೇ ಮುಂದಕ್ಕೆ ಹಾಕಿ. ಬಣ್ಣ ಆದ ಮೇಲೆ ಒಂದು ಸ್ವಿಚ್ ಬೋರ್ಡ್ ಸರಿಸಿದರೂ ಆ ತೇಪೆ ಎದ್ದು ಕಾಣುತ್ತದೆ. ತೇಪೆ ಮುಚ್ಚಲು ಇಡೀ ಗೋಡೆಗೇ ಬಣ್ಣ ಬೇಕಾಗುತ್ತದೆ.

ಹೊಸ ಗಾರೆ ಹಾಕಿಸಿದರೆ ಅದು ಪೂರ್ತಿ ಒಣಗಬೇಕು. ವಾರಗಟ್ಟಲೆ ಹಿಡಿಯುತ್ತದೆ. ಪೇಂಟರ್ ಬರುವ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಈ ರಿಪೇರಿಗಳ ಖರ್ಚನ್ನು ಬಣ್ಣದ ಬಜೆಟ್‌ನಲ್ಲಿ ಕಲಸಬೇಡಿ. ಬೇರೆ ಹಾಳೆಯಲ್ಲಿ ಬರೆಯಿರಿ. ಕಲಸಿದರೆ ಪೈಪಿಗೆ ಜಾಸ್ತಿಯಾದ ಹಣವನ್ನು ಪ್ರೈಮರ್‌ನಲ್ಲಿ ಉಳಿಸುವ ಆಸೆ ಹುಟ್ಟುತ್ತದೆ.

ಹಂತ 3: ಅಳತೆ

ಕೋಣೆಯ ನಾಲ್ಕೂ ಗೋಡೆಗಳ ಉದ್ದ ಕೂಡಿಸಿ, ಎತ್ತರದಿಂದ ಗುಣಿಸಿ. ಬಣ್ಣ ಬೀಳದ ಜಾಗ ಕಳೆಯಿರಿ. ಇಷ್ಟೇ. ಆದರೆ ಅಡುಗೆಮನೆಯಲ್ಲಿ ಕಳೆಯುವ ಬಾಬತ್ತು ದೊಡ್ಡದು. ಅದನ್ನು ಕಳೆಯದೆ ಇಡೀ ಗೋಡೆಗೆ ಲೆಕ್ಕ ಹಾಕಿದರೆ ಬಣ್ಣವೂ ಹೆಚ್ಚು, ಕೂಲಿಯೂ ಹೆಚ್ಚು.

ಒಂದು ಉದಾಹರಣೆ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆ ಎಂದುಕೊಳ್ಳಿ. ಸುತ್ತಳತೆ 36 ಅಡಿ. ಗೋಡೆ ಒಟ್ಟು 360 ಚದರ ಅಡಿ. ಈಗ ಕಳೆಯೋಣ:

- ಬಾಗಿಲು 7 × 3 = 21
- ಕಿಟಕಿ 4 × 3 = 12
- 16 ಅಡಿ ಉದ್ದದ ಅಡುಗೆ ಕಟ್ಟೆಯ ಕೆಳಗಿನ ಭಾಗ, 3 ಅಡಿ ಎತ್ತರ = 48
- ಕಟ್ಟೆಯ ಮೇಲಿನ ಟೈಲ್ಸ್, 2 ಅಡಿ ಎತ್ತರ = 32
- ಮೇಲಿನ ಕಪಾಟಿನ ಹಿಂದಿನ ಗೋಡೆ, 8 × 2.5 = 20

ಒಟ್ಟು 133. ಉಳಿದದ್ದು 227 ಚದರ ಅಡಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗೋಡೆ ಲೆಕ್ಕದಿಂದ ಹೋಯಿತು ನೋಡಿ. ಸೀಲಿಂಗ್ ಬೇರೆ: 10 × 8 = 80 ಚದರ ಅಡಿ.

ಫ್ರಿಜ್ ಹಿಂದಿನ ಗೋಡೆಯನ್ನು ಕಳೆಯಬೇಡಿ. ಫ್ರಿಜ್ ಒಂದು ದಿನ ಜಾಗ ಬದಲಿಸುತ್ತದೆ. ಕಿಟಕಿಯ ಒಳ ಅಂಚು, ತೊಲೆಯ ಪಕ್ಕಗಳನ್ನು ಸೇರಿಸುವುದನ್ನು ಎಷ್ಟೋ ಜನ ಮರೆಯುತ್ತಾರೆ.

ಹಂತ 4: ಚದರ ಅಡಿಯಿಂದ ಲೀಟರ್‌ಗೆ

ಡಬ್ಬದ ಮೇಲೆ ಒಂದು ಲೀಟರ್ ಎಷ್ಟು ಜಾಗಕ್ಕೆ ಸಾಕು ಎಂದು ಬರೆದಿರುತ್ತಾರೆ. ಅದನ್ನು ಎರಡು ಸಲ ಓದಿ. ಅದು ಒಂದು ಕೋಟ್‌ನ ಲೆಕ್ಕವೋ ಎರಡರದ್ದೋ? ಇಲ್ಲಿ ತಪ್ಪಿದರೆ ಅರ್ಧಕ್ಕರ್ಧ ಬಣ್ಣ ಕಡಿಮೆ ಬೀಳುತ್ತದೆ. ಜೊತೆಗೆ, ಆ ಅಂಕಿ ನುಣುಪಾದ, ಪ್ರೈಮರ್ ಹೊಡೆದ ಗೋಡೆಗೆ. ಒರಟು ಗೋಡೆ ಜಾಸ್ತಿ ಕುಡಿಯುತ್ತದೆ.

ಮನೆಯೊಳಗಿನ ಸಾಮಾನ್ಯ ಎಮಲ್ಷನ್‌ಗೆ ಒಂದು ಕೋಟ್‌ನಲ್ಲಿ ಲೀಟರ್‌ಗೆ 100 ಚದರ ಅಡಿ ಎಂದು ಹಿಡಿದರೆ ಸುರಕ್ಷಿತ. ನಮ್ಮ ಉದಾಹರಣೆಯ ಗೋಡೆಗೆ ಎರಡು ಕೋಟ್, ಅಂದರೆ 454 ಚದರ ಅಡಿ, ಸುಮಾರು 4.5 ಲೀಟರ್. ಶೇ. 10 ಸೇರಿಸಿದರೆ 5 ಲೀಟರ್. ಸೀಲಿಂಗ್‌ಗೆ ಎರಡು ಕೋಟ್‌ಗೆ 1.6 ಲೀಟರ್, ಶೇ. 10 ಸೇರಿಸಿದರೆ 2 ಲೀಟರ್‌ಗೆ ಹತ್ತಿರ. ಪ್ರೈಮರ್ ಎರಡಕ್ಕೂ ಒಂದೊಂದು ಕೋಟ್: 307 ಚದರ ಅಡಿ, ಶೇ. 10 ಸೇರಿಸಿ ಸುಮಾರು ಮೂರೂವರೆ ಲೀಟರ್.

ಯಂತ್ರದಲ್ಲಿ ಕಲಸಿಕೊಟ್ಟ ಬಣ್ಣವನ್ನು ಅಂಗಡಿಗಳು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಹಾಗೆಂದು ಕಡಿಮೆ ತಂದು, ಸಾಲದಿದ್ದರೆ ಮತ್ತೆ ತರೋಣ ಅನ್ನುವುದೂ ಅಪಾಯ. ಅದೇ ಶೇಡ್ ಸಂಖ್ಯೆ ಕೊಟ್ಟರೂ ಎರಡನೇ ಸಲ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಒಂದೇ ಗೋಡೆಯ ನಡುವೆ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬೇಕಾದಷ್ಟನ್ನೂ ಒಂದೇ ಸಲ ತನ್ನಿ. ಎರಡು ಡಬ್ಬ ಇದ್ದರೆ ದೊಡ್ಡ ಬಕೆಟ್‌ನಲ್ಲಿ ಒಟ್ಟು ಸುರಿದು ಕಲಸಿಕೊಂಡು ಹೊಡೆಯಿರಿ.

ಹಂತ 5: ಯಾವ ಬಣ್ಣ, ಯಾವ ಹೊಳಪು

ಅಡುಗೆಮನೆ ಗೋಡೆಯನ್ನು ಒರೆಸುತ್ತಲೇ ಇರಬೇಕು. ತೀರ ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣಕ್ಕೆ ಕಲೆ ಬೇಗ ಹಿಡಿಯುತ್ತದೆ, ಉಜ್ಜಿದ ಜಾಗ ಹೊಳೆಯುತ್ತದೆ. ಗೋಡೆಗೆ ತೊಳೆಯಬಹುದಾದ ಸ್ಯಾಟಿನ್ (ಮೆಲು ಹೊಳಪು) ಇಲ್ಲವೇ ಸೆಮಿ-ಗ್ಲಾಸ್ (ಅದಕ್ಕಿಂತ ಹೆಚ್ಚು ಹೊಳಪು) ತೆಗೆದುಕೊಳ್ಳಿ. ಆದರೆ ಹೊಳಪು ಹೆಚ್ಚಿದಷ್ಟೂ ಗೋಡೆಯ ಡೊಂಕು ಎದ್ದು ಕಾಣುತ್ತದೆ, ಪುಟ್ಟಿ ಕೆಲಸ ಹೆಚ್ಚುತ್ತದೆ. ನನ್ನ ಪ್ರಕಾರ ಒಲೆ, ಸಿಂಕಿನ ಸುತ್ತ ಬಿಟ್ಟರೆ ಉಳಿದೆಡೆ ಸ್ಯಾಟಿನ್ ಸಾಕು.

ಅಗ್ಗದ ಬಣ್ಣವೋ ದುಬಾರಿಯದೋ ಎಂಬ ಪ್ರಶ್ನೆಗೆ ಲೀಟರ್ ಬೆಲೆ ನೋಡಿ ಉತ್ತರ ಹೇಳಲಾಗದು. ಲೀಟರ್ ಬೆಲೆಯನ್ನು ಕೋಟ್‌ಗಳ ಸಂಖ್ಯೆಯಿಂದ ಗುಣಿಸಿ, ಒಂದು ಲೀಟರ್ ಮುಚ್ಚುವ ಚದರ ಅಡಿಯಿಂದ ಭಾಗಿಸಿ. ಬರುವುದು ಒಂದು ಚದರ ಅಡಿ ಗೋಡೆಗೆ ತಗಲುವ ಬಣ್ಣದ ನಿಜವಾದ ಬೆಲೆ. ಅರ್ಧ ಬೆಲೆಯ ಬಣ್ಣಕ್ಕೆ ಎರಡರ ಬದಲು ನಾಲ್ಕು ಕೋಟ್ ಬೇಕಾದರೆ ಬಣ್ಣದ ಖರ್ಚು ಸರಿಸಮ ಆಯಿತು. ಕೂಲಿ ಮಾತ್ರ ದುಪ್ಪಟ್ಟು.

ಗಾಢ ಕೆಂಪು, ಕಡು ಹಳದಿ, ಕಿತ್ತಳೆ ಬಣ್ಣಗಳು ಹಳೆಯದನ್ನು ಚೆನ್ನಾಗಿ ಮುಚ್ಚುವುದಿಲ್ಲ. ಮೂರನೇ ಕೋಟ್ ಲೆಕ್ಕದಲ್ಲಿರಲಿ, ಇಲ್ಲವೇ ಅದೇ ಛಾಯೆ ಬೆರೆಸಿದ ಪ್ರೈಮರ್ ಬಳಸಿ. ಕಡು ಬಣ್ಣದ ಮೇಲೆ ಬಿಳಿ ಹೊಡೆಯುವಾಗಲೂ ಇದೇ ಕಥೆ.

ಕಾರ್ಡ್ ನೋಡಿ ಬಣ್ಣ ಆರಿಸಬೇಡಿ. ಚಿಕ್ಕ ಡಬ್ಬ ತಂದು ದೊಡ್ಡ ರಟ್ಟಿಗೆ ಎರಡು ಕೋಟ್ ಹಚ್ಚಿ, ಬೆಳಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ.

ಹೊಗೆಯ ಕಪ್ಪು, ಎಣ್ಣೆ ಕಲೆ ಇರುವ ಕಡೆ ಮಾಮೂಲಿ ಪ್ರೈಮರ್ ಸಾಲದು. ಕಲೆ ಹೊಸ ಬಣ್ಣದ ಮೂಲಕವೂ ಹಳದಿಯಾಗಿ ಮೇಲೆ ಬರುತ್ತದೆ. ಕಲೆ ತಡೆಯುವ ಪ್ರೈಮರ್ ಬೇರೆ ಸಿಗುತ್ತದೆ. ದುಬಾರಿ, ಆದರೆ ಕಲೆ ಇರುವಷ್ಟು ಜಾಗಕ್ಕೆ ಮಾತ್ರ ಸಾಕು.

ಹಂತ 6: ಕಪಾಟಿಗೆ ಬೇರೆ ಹಾಳೆ

ಕಪಾಟಿಗೂ ಬಣ್ಣ ಹೊಡೆಯುವ ಯೋಚನೆ ಇದ್ದರೆ ಅದನ್ನು ಗೋಡೆಯ ಲೆಕ್ಕದಲ್ಲಿ ಸೇರಿಸಲೇಬೇಡಿ. ಚದರ ಅಡಿ ಕಡಿಮೆ, ಕೆಲಸ ಜಾಸ್ತಿ. ಬಾಗಿಲು ಬಿಚ್ಚಬೇಕು, ಕೀಲು, ಹಿಡಿ ತೆಗೆಯಬೇಕು, ತೊಳೆಯಬೇಕು, ಉಜ್ಜಬೇಕು, ಪ್ರೈಮರ್, ಮತ್ತೆ ಉಜ್ಜು, ಎರಡು ಕೋಟ್. ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು. ಇಲ್ಲಿ ಖರ್ಚಾಗುವುದು ದಿನಗಳು.

ಬಾಗಿಲು, ಡ್ರಾಯರ್ ಎಣಿಸಿ, ಒಂದಕ್ಕೆ ಇಷ್ಟು ಎಂದು ದರ ಕೇಳಿ. ಲ್ಯಾಮಿನೇಟ್ ಮೇಲ್ಮೈಗೆ ಗಟ್ಟಿ ಹಿಡಿತದ ಪ್ರೈಮರ್ ಇಲ್ಲದೆ ಏನೂ ನಿಲ್ಲದು. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆಯ ಅಂಚುಗಳು ಬಣ್ಣ ಹೀರುತ್ತವೆ, ಅಲ್ಲಿಗೆ ಹೆಚ್ಚುವರಿ ಪ್ರೈಮರ್ ಬೇಕು. ಗೋಡೆಗೆ ತಂದು ಉಳಿದ ಎಮಲ್ಷನ್ ಕಪಾಟಿಗೆ ನಡೆಯುತ್ತದಾ ಅಂದರೆ, ಇಲ್ಲ. ಕೈ ತಾಗುವ ಜಾಗದಲ್ಲಿ ಕೆಲವೇ ತಿಂಗಳಿಗೆ ಸವೆಯುತ್ತದೆ. ನೀರು ತಗುಲಿ ಹಲಗೆಯೇ ಉಬ್ಬಿದ್ದರೆ ಬಣ್ಣದ ಖರ್ಚು ದಂಡ.

ದರ್ಜಿಯಂತೆ ಗುರುತು ಹಾಕಿಕೊಳ್ಳಿ: ಪ್ರತಿ ಬಾಗಿಲಿಗೂ ಅದರ ಚೌಕಟ್ಟಿಗೂ ಒಂದೇ ಸಂಖ್ಯೆ. ಬಾಗಿಲುಗಳು ಅದಲುಬದಲಾದರೆ ಕೂಡಿಸುವಾಗ ಅರ್ಧ ದಿನ ಹೋಗುತ್ತದೆ.

ಹಂತ 7: ಸಾಮಾನಿನ ಪಟ್ಟಿ

ಚಿಕ್ಕಪುಟ್ಟ ಸಾಮಾನುಗಳು ಒಂದೊಂದಾಗಿ ಅಗ್ಗ, ಕೂಡಿದರೆ ಒಂದು ಡಬ್ಬ ಬಣ್ಣದ ಬೆಲೆ ಆಗಿಬಿಡಬಹುದು. ನೀವೇ ಹೊಡೆಯುವುದಾದರೆ ಇಷ್ಟು ಬೇಕು:

- 9 ಇಂಚಿನ ರೋಲರ್, ಉದ್ದ ಕೋಲು, ಟ್ರೇ
- ಇಕ್ಕಟ್ಟಿನ ಜಾಗಕ್ಕೆ 4 ಇಂಚಿನ ರೋಲರ್
- ಅಂಚಿಗೆ ಎರಡು ಅಥವಾ ಎರಡೂವರೆ ಇಂಚಿನ ಓರೆ ಬ್ರಷ್
- ಕೆರೆಯುವ ಪಟ್ಟಿ, ಪುಟ್ಟಿ ಪಟ್ಟಿ, ಪುಟ್ಟಿ
- 120, 180, 220 ನಂಬರಿನ ಸ್ಯಾಂಡ್‌ಪೇಪರ್
- ಮಾಸ್ಕಿಂಗ್ ಟೇಪ್, ನೆಲ ಮತ್ತು ಕಟ್ಟೆಗೆ ಹೊದಿಕೆ
- ಕೈಗವಸು, ಧೂಳಿನ ಮಾಸ್ಕ್, ಅಲ್ಲಾಡದ ಏಣಿ

ಬ್ರಷ್‌ನಲ್ಲಿ ಉಳಿತಾಯ ಮಾಡಬೇಡಿ. ಅಗ್ಗದ ಬ್ರಷ್ ಕೂದಲು ಉದುರಿಸುತ್ತದೆ, ಅವು ಗೋಡೆಗೇ ಅಂಟಿ ಒಣಗುತ್ತವೆ. ಏಣಿ, ಕೋಲುಗಳನ್ನು ಬೇಕಾದರೆ ಬಾಡಿಗೆಗೆ ತನ್ನಿ.

ಹಂತ 8: ಪೇಂಟರ್ ಜೊತೆ ಮಾತು

ಅಡುಗೆಮನೆಯ ಒಂದು ವಿಚಿತ್ರ ಇದು: ಗೋಡೆ ಕಡಿಮೆ, ಅಂಚು ಜಾಸ್ತಿ. ಕಪಾಟು, ಟೈಲ್ಸ್, ಸ್ವಿಚ್, ಪೈಪು, ಕಿಟಕಿ ಎಲ್ಲದರ ಸುತ್ತ ಕೈಬ್ರಷ್ ಹಿಡಿದು ನಿಧಾನವಾಗಿ ಎಳೆಯಬೇಕು. ರೋಲರ್ ಓಡಿಸುವ ಬಯಲು ಗೋಡೆ ಇಲ್ಲಿ ಇಲ್ಲ. ಅದಕ್ಕೇ ಹಾಲ್‌ಗೆ ಹೇಳಿದ ಚದರ ಅಡಿ ದರ ಇಲ್ಲಿಗೆ ಒಗ್ಗುವುದಿಲ್ಲ. ಪೇಂಟರ್ ಹೆಚ್ಚು ಕೇಳಿದರೆ ಅದರಲ್ಲಿ ಮೋಸವಿದೆ ಅಂದುಕೊಳ್ಳಬೇಡಿ.

ಮೂರು ಕಡೆ ದರ ಕೇಳಿ. ಮೂವರಿಗೂ ಒಂದೇ ಪಟ್ಟಿ ಕೊಡಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಇವುಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ದರ ಸಾಮಾನು ಸಮೇತವೋ, ಬರೀ ಕೂಲಿಯೋ? ಬಾಗಿಲು, ಟೈಲ್ಸ್ ಕಳೆದ ಅಳತೆಯೋ, ಇಡೀ ಗೋಡೆಯೋ? ಜಿಡ್ಡು ತೊಳೆಯುವುದು, ಕೆರೆಯುವುದು, ಪುಟ್ಟಿ ಸೇರಿದೆಯೋ? ಪ್ರೈಮರ್ ಎಷ್ಟು ಕೋಟ್, ಬಣ್ಣ ಎಷ್ಟು ಕೋಟ್? ಯಾವ ಬಣ್ಣ, ಅದರ ಪೂರ್ತಿ ಹೆಸರು ಏನು? ಕೊನೆಗೆ ಕಸ ತೆಗೆದು ನೆಲ ಒರೆಸುವುದು ಯಾರು?

ಎಲ್ಲರಿಗಿಂತ ತೀರ ಕಡಿಮೆ ಹೇಳಿದವರ ಪಟ್ಟಿಯಲ್ಲಿ ಸಾಮಾನ್ಯವಾಗಿ ತೊಳೆಯುವ, ಉಜ್ಜುವ ಸಾಲೇ ಇರುವುದಿಲ್ಲ. "ಅದೆಲ್ಲ ಬೇಡ, ಎರಡು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ" ಎಂದರೆ ನಮಸ್ಕಾರ ಹೇಳಿ ಕಳಿಸಿ.

ಹಣವನ್ನು ಕಂತಿನಲ್ಲಿ ಕೊಡಿ. ಸ್ವಲ್ಪ ಮುಂಗಡ, ಪ್ರೈಮರ್ ಮುಗಿದ ಮೇಲೆ ಸ್ವಲ್ಪ, ಹಗಲು ಬೆಳಕಿನಲ್ಲಿ ಎಲ್ಲ ನೋಡಿದ ಮೇಲೆ ಉಳಿದದ್ದು.

ಹಂತ 9: ಪಟ್ಟಿಗೆ ಬಾರದ ಖರ್ಚು

ಒಲೆ ಹಚ್ಚಲಾಗದ ದಿನಗಳ ಊಟ. ಸಾಮಾನು ತುಂಬಲು ರಟ್ಟಿನ ಡಬ್ಬ. ರಜೆ ಹಾಕಿದ ದಿನದ ಸಂಬಳ. ಇವನ್ನು ಬಜೆಟ್‌ನಲ್ಲಿ ಬರೆಯುವವರನ್ನು ನಾನು ಕಂಡೇ ಇಲ್ಲ, ಖರ್ಚು ಮಾತ್ರ ಎಲ್ಲರಿಗೂ ಆಗುತ್ತದೆ.

ಎಲ್ಲ ಕೂಡಿಸಿದ ಮೇಲೆ ಶೇ. 10ರಿಂದ 15ರಷ್ಟು ತೆಗೆದಿಡಿ. ಮೊದಲ ಹಂತದ ಪರೀಕ್ಷೆಗಳಲ್ಲಿ ಎರಡಕ್ಕಿಂತ ಹೆಚ್ಚು ಕಡೆ ತೊಂದರೆ ಕಂಡಿದ್ದರೆ ಶೇ. 20. ಆ ಹಣವನ್ನು ಮೊದಲೇ ಒಳ್ಳೆಯ ಬಣ್ಣಕ್ಕೆ ಸುರಿಯಬೇಡಿ. ಕೆಲಸ ಮುಗಿಯುವ ತನಕ ಅದು ಇಲ್ಲ ಎಂದೇ ತಿಳಿಯಿರಿ.

ಮೊತ್ತ ಕೈಗೆ ಎಟುಕದಿದ್ದರೆ ಕಡಿತ ಈ ಕ್ರಮದಲ್ಲಿರಲಿ: ಮೊದಲು ಕಪಾಟು ಬಿಡಿ. ಆಮೇಲೆ ಗಾಢ ಬಣ್ಣದ ಆಸೆ ಬಿಡಿ. ಸೀಲಿಂಗ್ ಚೆನ್ನಾಗಿದ್ದರೆ ಅದನ್ನೂ ಬಿಡಿ. ತೊಳೆಯುವ, ಉಜ್ಜುವ ಕೆಲಸ ನೀವೇ ಮಾಡಿ, ಬ್ರಷ್ ಕೆಲಸ ಮಾತ್ರ ಪೇಂಟರ್‌ಗೆ ಕೊಡಿ. ಪ್ರೈಮರ್‌ಗೆ ಕತ್ತರಿ ಹಾಕಬೇಡಿ.

ಹಂತ 10: ಕೆಲಸ ನಡೆಯುವಾಗ ಕಣ್ಣಿಡಬೇಕಾದ ಜಾಗಗಳು

ಕ್ರಮ ಹೀಗಿರಬೇಕು: ಜಿಡ್ಡು ತೊಳೆದು ಶುದ್ಧ ನೀರಿನಲ್ಲಿ ಮತ್ತೆ ಒರೆಸುವುದು, ಒಣಗಿಸುವುದು, ಕೆರೆಯುವುದು, ಪುಟ್ಟಿ, ಉಜ್ಜುವುದು, ಧೂಳು ಒರೆಸುವುದು, ಪ್ರೈಮರ್, ಸೀಲಿಂಗ್, ಗೋಡೆ, ಕೊನೆಗೆ ಬಾಗಿಲು ಮತ್ತು ಅಂಚುಪಟ್ಟಿ. ತೊಳೆಯುವ ಮುನ್ನ ಉಜ್ಜಿದರೆ ಜಿಡ್ಡು ಗೋಡೆಯೊಳಕ್ಕೇ ಇಳಿಯುತ್ತದೆ. ಸ್ವಿಚ್ ಬೋರ್ಡ್ ಮುಚ್ಚಳ ತೆಗೆಯುವ ಮೊದಲು ಮೇನ್ ಆಫ್ ಮಾಡಿ. ಎನಾಮೆಲ್, ಥಿನ್ನರ್ ಬಳಸುವಾಗ ಗ್ಯಾಸ್ ಪೂರ್ತಿ ಬಂದ್ ಆಗಿರಲಿ, ಕಿಟಕಿ ತೆರೆದಿರಲಿ. ಆ ಆವಿಗೆ ಕಿಡಿ ತಗುಲಿದರೆ ಬೆಂಕಿ.

ಹೀಗಾದರೆ ಕೆಲಸ ನಿಲ್ಲಿಸಿ ಕೇಳಿ: ಬಣ್ಣ ಗೋಡೆಗೆ ಹಿಡಿಯದೆ ಕಣ್ಣಿನಂಥ ಸಣ್ಣ ಸಣ್ಣ ಜಾಗ ಬಿಟ್ಟು ಸರಿಯುತ್ತಿದ್ದರೆ ಜಿಡ್ಡು ಹೋಗಿಲ್ಲ. ಮೊದಲ ಕೋಟ್ ನೀರಿನಂತೆ ಇಳಿಯುತ್ತಿದ್ದರೆ ಡಬ್ಬದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದ್ದಾರೆ. ಹಾಗೆ ತೆಳು ಮಾಡಿದ ಬಣ್ಣಕ್ಕೆ ಮೂರನೇ ಕೋಟ್ ಬೇಕೇ ಬೇಕು, ಉಳಿಸಿದ್ದು ಏನೂ ಇಲ್ಲ. ಎರಡನೇ ಕೋಟ್ ಹೊಡೆಯುವಾಗ ಮೊದಲನೆಯದು ರೋಲರ್‌ಗೆ ಅಂಟಿ ಏಳುತ್ತಿದ್ದರೆ ಅದು ಇನ್ನೂ ಒಣಗಿಲ್ಲ. ಡಬ್ಬ ನಾಲ್ಕು ಗಂಟೆ ಎಂದಿದ್ದರೆ ಹಬೆಯಾಡುವ, ತಂಪಾದ ದಿನದಲ್ಲಿ ಇನ್ನೂ ಜಾಸ್ತಿ ಬಿಡಿ.

ಕೊನೆಯ ಕೋಟ್ ಮುಗಿದು ಗಂಟೆ ಎರಡು ಗಂಟೆಗೆ ಕೈಗೆ ಅಂಟದಿರಬಹುದು, ಆದರೆ ಬಣ್ಣ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸ್ಕ್ರಬ್ಬರ್ ಹಾಕಿ ಉಜ್ಜಬೇಡಿ. ಏನಾದರೂ ಸಿಡಿದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಉಳಿದ ಬಣ್ಣವನ್ನು ಗಾಳಿಯಾಡದ ಸಣ್ಣ ಡಬ್ಬಕ್ಕೆ ಹಾಕಿ, ಮೇಲೆ ಶೇಡ್ ಸಂಖ್ಯೆ, ದಿನಾಂಕ, ಯಾವ ಗೋಡೆ ಎಂದು ಬರೆದು ಎತ್ತಿಡಿ. ಆರು ತಿಂಗಳಿಗೆ ಮೊಳೆ ಕಿತ್ತ ತೂತು ಮುಚ್ಚಬೇಕಾದಾಗ ಹೊಸ ಡಬ್ಬ ಕೊಳ್ಳುವುದು ತಪ್ಪುತ್ತದೆ.